ಹಕ್ಕಿಗಳು ನೋಡಿದ ಮೂಲೆ

ಶಾಹಿಸ್ತಾ ಕಂಪ್ಯೂಟರಿನ ಪರದೆಯ ಮೇಲಿದ್ದ ಆಕಾಶವನ್ನು ಇನ್ನಷ್ಟು ಕಪ್ಪಾಗಿಸಿದಳು.

ಹಾಲುಬಣ್ಣದ ಬೆಳಗಿನ ಬಾನು ಮೊದಲು ಬೂದಿಯಾಯಿತು, ಆಮೇಲೆ ಸೀಸದ ಬಣ್ಣಕ್ಕೆ ತಿರುಗಿತು. ನಡುವೆ ಮೆಟ್ಟುಗಾಲು ಹಕ್ಕಿಗಳ ಹಿಂಡು ಮಾತ್ರ ಹಾಗೇ ತೇಲುತ್ತಿತ್ತು. ಬಿಳಿ ಎದೆ, ಕರಿ ರೆಕ್ಕೆ, ಕೆಂಪು ಕಡ್ಡಿಯಂಥ ಉದ್ದುದ್ದ ಕಾಲು.

"ಏ ಯವ್ವಾ, ಹಗಲನ್ನ ರಾತ್ರಿ ಮಾಡಾಕತ್ತಿಯಲ್ಲ ನೀ," ಎಂದಳು ಬೆನ್ನ ಹಿಂದೆ ಸ್ಟೂಲಿನಲ್ಲಿ ಕೂತಿದ್ದ ಮಲಕವ್ವ. "ಹಿಂಗ ಮಾಡಿದ್ರ ನನ್ನ ಗಂಡ ಹೊರಗ ಬರತಾನೇನು?"

"ತಡಿ ಮಲಕವ್ವ. ಆಕಾಶ ಬೆಳ್ಳಗಿದ್ರ ಕಲೆ ಕಾಣಂಗಿಲ್ಲ."

"ಕಲೆ ನನ್ನ ಗಂಡನ ಅಂಗಿ ಮ್ಯಾಲ ಐತಿ. ಅದು ಊರಿಗೆಲ್ಲ ಕಂಡೈತಿ."

ಆ ಮಾತು ಸುಳ್ಳಲ್ಲ. ಭೂತನಾಳ ಕೆರೆಯ ದಂಡೆಯಲ್ಲಿ ತಲೆಗೆ ಪೆಟ್ಟಾಗಿ ಬಿದ್ದಿದ್ದ ಫೋಟೋಗ್ರಾಫರ್ ಅಬ್ದುಲಸಮದ ಉಸ್ತಾದರನ್ನು ಮಲಕವ್ವನ ಗಂಡ, ಕುರಿಗಾರ ರಾಮಲಿಂಗ, ಹೆಗಲ ಮೇಲೆ ಹೊತ್ತು ರಸ್ತೆಗೆ ತಂದಿದ್ದ. ಉಪಕಾರದ ಆ ರಕ್ತವೇ ಕೆಲವು ವಾರಗಳ ಮೇಲೆ, ಇಂದು ಬೆಳಗ್ಗೆ, ಅವನನ್ನು ಠಾಣೆಗೆ ಎಳೆದಿತ್ತು. ಉಸ್ತಾದರಿಗೆ ಇನ್ನೂ ಎಚ್ಚರವಾಗಿರಲಿಲ್ಲ. ನಾಳೆ ರಾಮಲಿಂಗನನ್ನು ಕೋರ್ಟಿಗೆ ಒಯ್ಯುವವರಿದ್ದರು.

ವಿಜಯಪುರದ ಸೊಲ್ಲಾಪುರ ರಸ್ತೆಯ ಈ ಫೋಟೋ ಲ್ಯಾಬಿನಲ್ಲಿ ಕೂತು ಶಾಹಿಸ್ತಾ ಪೊಲೀಸರಿಗೆ ಸಿಸಿ ಕ್ಯಾಮೆರಾದ ಮಸುಕು ಮುಖಗಳನ್ನು ತಿಳಿ ಮಾಡಿಕೊಡುತ್ತಿದ್ದಳು. ಆ ಪರಿಚಯ ನಂಬಿಯೇ ಮಲಕವ್ವ ಇಲ್ಲಿಗೆ ಬಂದು ಕೂತದ್ದು.

ಆದರೆ ಈಗ ಪರದೆಯ ಮೇಲಿದ್ದ ಚಿತ್ರ ಪೊಲೀಸರು ಕೊಟ್ಟದ್ದಲ್ಲ. ಅದು ಕೈನಾತಳದು.

ಟಿಕೋಟಾದ ಕೈನಾತ. ಉಸ್ತಾದರ ಕೊನೆಯ ಶಿಷ್ಯೆ. ಹಕ್ಕಿ ಚಿತ್ರಗಳ ಸ್ಪರ್ಧೆಯಲ್ಲಿ ಅವಳಿಗೇ ಮೊದಲ ಬಹುಮಾನ. ಅದನ್ನು ಗೋಡೆಯಗಲ ಮುದ್ರಿಸಿಕೊಡಿ ಎಂದು ಸ್ಪರ್ಧೆಯವರು ಇದೇ ಲ್ಯಾಬಿಗೆ ಕಳಿಸಿದ್ದರು. ಗಾಯದ ಮೇಲೆ ಉಪ್ಪು ಸವರುವ ಕೆಲಸವನ್ನೂ ದೇವರು ತನ್ನ ಕೈಯಿಂದಲೇ ಮಾಡಿಸಬೇಕೇ ಎಂದು ಶಾಹಿಸ್ತಾಗೆ ಅನ್ನಿಸಿತ್ತು.

ಎಷ್ಟು ವರ್ಷ ಉಸ್ತಾದರ ಆಕಾಶಗಳನ್ನು ಅವಳೇ ಗುಡಿಸಿದ್ದಳು! ಧೂಳಿನ ಚುಕ್ಕೆ ಅಳಿಸಿ, ರೆಕ್ಕೆಯ ನೆರಳಿನಲ್ಲಿ ಗರಿಗಳನ್ನು ಎತ್ತಿ ತೋರಿಸಿ, ಕಣ್ಣಿನಲ್ಲಿ ಒಂದು ಹನಿ ಬೆಳಕು ಉಳಿಸಿ. ಹಾರುವ ಹಕ್ಕಿಯನ್ನು ತಾನೂ ಹಿಡಿಯಬೇಕೆಂದು ಕೆರೆಗೆ ಹೋದಾಗಲೆಲ್ಲ ಅವಳ ಚೌಕಟ್ಟಿನಲ್ಲಿ ಉಳಿಯುತ್ತಿದ್ದದ್ದು ಬಾಲ, ಇಲ್ಲವೇ ಬರೀ ನೀರು. ಕೊನೆಗೆ ಉಸ್ತಾದರು ತಮ್ಮ ಉದ್ದನೆಯ ಲೆನ್ಸನ್ನು ಕೈನಾತಳಿಗೆ ಕೊಟ್ಟರು. "ನಿಂದು ಸ್ವಚ್ಛ ಮಾಡೂ ಕೈ, ಶಾಹಿಸ್ತಾ. ಆಕೀದು ಹಿಡಿಯೂ ಕೈ," ಎಂದಿದ್ದರು, ಪ್ರೀತಿಯಿಂದಲೇ. ಅಂದಿನಿಂದ ಆ ಹುಡುಗಿಯ ಹೆಸರು ಕೇಳಿದರೆ ಸಾಕು, ಹೊಟ್ಟೆಯಲ್ಲಿ ಯಾರೋ ಒಣಮೆಣಸಿನಕಾಯಿ ಹುರಿದಂತಾಗುತ್ತಿತ್ತು.

ಅದಕ್ಕೇ ಅವಳಿಗೆ ಹೆದರಿಕೆ. ಕಾಣುತ್ತಿರುವುದು ಸುಳಿವೋ, ತನ್ನ ಹೊಟ್ಟೆಕಿಚ್ಚೋ?

ಕಪ್ಪಾದ ಆಕಾಶದ ಎಡಗಡೆ, ಮೇಲೆ, ಒಂದು ತೇಪೆ ಕಂಡಿತು. ಏನನ್ನೋ ಅರೆಬರೆ ಅಳಿಸಿದ್ದರು. ಅದರ ಬಾಲ ಮಾತ್ರ ಕುಡುಗೋಲಿನಂತೆ ಬಾಗಿ ಉಳಿದಿತ್ತು.

ಶಾಹಿಸ್ತಾ ಇನ್ನೊಂದು ಚಿತ್ರ ತೆರೆದಳು. ಬರೀ ಬಿಳಿಗೋಡೆ. ಪೆಟ್ಟು ಬೀಳುವ ಮುನ್ನಾದಿನ ಸಂಜೆ ಉಸ್ತಾದರ ಕ್ಯಾಮೆರಾದ ಒಳಗನ್ನು ಸ್ವಚ್ಛ ಮಾಡಿ, ನೋಡೋಣವೆಂದು ತಾನೇ ಹೊಡೆದ ಚಿತ್ರ. ಧೂಳು ಹೋಗಿತ್ತು, ಆದರೆ ಅವಳ ಬ್ರಶ್ಶಿನದೇ ಒಂದು ಎಳೆ ಒಳಗೆ ಅಂಟಿ ಉಳಿದಿತ್ತು. ಕ್ಯಾಮೆರಾದ ಒಳಗೆ ಏನಾದರೂ ಅಂಟಿದರೆ ಪ್ರತಿ ಚಿತ್ರದಲ್ಲೂ ಅದು ಅದೇ ಜಾಗದಲ್ಲಿ ಮೂಡುತ್ತದೆ. ನಾಳೆ ತೆಗೆದುಕೊಡುತ್ತೇನೆ ಎಂದಿದ್ದಳು. ಮರುದಿನ ಅವಳಿಗೆ ಜ್ವರ. ಉಸ್ತಾದರಿಗೆ ಪೆಟ್ಟು. ಆ ಮೇಲೆ ಕ್ಯಾಮೆರಾ ಪೊಲೀಸರ ಬೀರುವಿನಲ್ಲಿ, ಒಳಗಿನ ಮೆಮೊರಿ ಕಾರ್ಡು ಮಾಯ.

ಬಿಳಿಗೋಡೆಯ ಮೇಲಿನ ಎಳೆಯೂ ಕುಡುಗೋಲಿನಂತೆಯೇ ಬಾಗಿತ್ತು. ಆದರೆ ಅದು ಬಲಗಡೆ ಇತ್ತು.

ಕೈನಾತಳ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿದಳು. ಒಂದರ ಮೇಲೊಂದು ಇಟ್ಟಳು.

ಎಳೆ ಎಳೆಯ ಮೇಲೆ ಕೂತಿತು.

"ಸಿಕ್ಕಳು!" ಬಾಯಿಂದ ತಾನಾಗಿ ಬಂತು.

"ಯಾರು?"

"ಈ ಚಿತ್ರ ತಾನು ಎಂದೋ ಆಲಮಟ್ಟಿ ಹಿನ್ನೀರಿನಾಗ ತೆಗದದ್ದು ಅಂತ ಬರದಾಳ. ಸುಳ್ಳು. ಇದು ಉಸ್ತಾದರ ಕ್ಯಾಮೆರಾದ್ದು. ಅವರಿಗೆ ಪೆಟ್ಟು ಬಿದ್ದ ಮುಂಜಾನೀದು."

ಮಲಕವ್ವ ಎದ್ದು ಬಂದು ಪರದೆಯನ್ನಲ್ಲ, ಅವಳ ಮುಖವನ್ನು ದಿಟ್ಟಿಸಿದಳು. "ನನ್ನ ಗಂಡ ಉಳಿದ ಅಂತ ನಗಾಕತ್ತಿಯೋ, ಆ ಹುಡಿಗಿ ಕೆಟ್ಟಳು ಅಂತ ನಗಾಕತ್ತಿಯೋ?"

ಶಾಹಿಸ್ತಾಳ ನಗು ಅಲ್ಲೇ ಬಾಡಿತು. ಕುರಿ ಕಾಯುವವರ ಮನೆಯ ಹೆಂಗಸು, ಎಲ್ಲಿ ಮುಟ್ಟಬೇಕೋ ಅಲ್ಲೇ ಮುಟ್ಟಿದ್ದಳು.

ನಾಚಿಕೆಯಿಂದ ಚಿತ್ರವನ್ನು ಮತ್ತೆ ಮೊದಲಿನಿಂದ ನೋಡಿದಳು. ಈ ಸಲ ಆಕಾಶ ಬಿಟ್ಟು ಹಕ್ಕಿಗಳನ್ನು.

ಮೆಟ್ಟುಗಾಲು ಹಕ್ಕಿ ತಾನಾಗಿ ಎದ್ದರೆ ಒಂದರ ಹಿಂದೆ ಒಂದು, ಕಾಲು ಹಿಂದಕ್ಕೆ ನೀಟಾಗಿ ಚಾಚಿ ಹೋಗುತ್ತದೆ. ಕಲ್ಲು ಎಸೆದು ಎಬ್ಬಿಸಬಾರದು ಎಂಬುದು ಉಸ್ತಾದರ ಕಟ್ಟಪ್ಪಣೆ. ಇಲ್ಲಿ ಎಲ್ಲವೂ ಒಮ್ಮೆಗೇ ಎದ್ದಿದ್ದವು. ಕಾಲುಗಳು ಇನ್ನೂ ಜೋತಾಡುತ್ತಿದ್ದವು. ಕುತ್ತಿಗೆಗಳೆಲ್ಲ ಒಂದೇ ಕಡೆ ಹೊರಳಿದ್ದವು. ಅಷ್ಟೂ ಕೆಂಗಣ್ಣುಗಳು ನೋಡುತ್ತಿದ್ದದ್ದು ದಂಡೆಯ ಒಂದು ಮೂಲೆಯನ್ನು.

ಆ ಮೂಲೆಯಲ್ಲಿ ಏನೂ ಇರಲಿಲ್ಲ. ಒಣಹುಲ್ಲು, ಅಷ್ಟೇ.

ಹತ್ತಿರ ತಂದು ನೋಡಿದಳು. ಹುಲ್ಲಿನ ಒಂದು ಮೊನೆ ಮುರಿದು ಕೆಳಗೆ ಬಾಗಿತ್ತು. ಅದರ ಪಕ್ಕದಲ್ಲೇ ಇನ್ನೊಂದು ಮೊನೆ, ಅದೇ ತರಹ ಮುರಿದು, ಅದೇ ತರಹ ಬಾಗಿ. ಒಂದೇ ಹುಲ್ಲನ್ನು ಎರಡು ಸಲ ಬಿತ್ತಿದ್ದರು.

ಅಲ್ಲಿ ಯಾರೋ ನಿಂತಿದ್ದರು. ಅವರನ್ನು ಅಳಿಸಿ ಹುಲ್ಲು ಮುಚ್ಚಿದ್ದರು.

ಪಿಎಸ್‌ಐ ಮಲ್ಲಿನಾಥನಿಗೆ ಫೋನು ಹಚ್ಚಿದಳು. ಆತ ಪೂರ್ತಿ ಕೇಳಿದ. ಕೇಳಿ ಮೆಲ್ಲಗೆ ಕೆಮ್ಮಿದ.

"ಅಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮಗೂ ಆ ಹುಡಿಗಿಗೂ ಆಗಿ ಬರಂಗಿಲ್ಲ ಅನ್ನೂದು ಠಾಣೆ ಮುಂದಿನ ಚಹಾದಂಗಡಿಯವಗೂ ಗೊತ್ತೈತಿ. ನಾ ಎಳಿ, ಹುಲ್ಲು ಅಂತ ಹೋಗಿ ಸಾಹೇಬ್ರ ಮುಂದ ನಿಂತ್ರ ನಗತಾರ. ಅಸಲು ಫೋಟೋ ತರ್ರಿ. ಅಳಿಸೂಕಿಂತ ಮೊದಲಿಂದು. ರಾಮಲಿಂಗನ್ನ ನಾನ ಬಿಡತೀನಿ."

ಮುಂದಿನ ಕೌಂಟರಿನಲ್ಲಿ ಗಂಡ ಶಕೀಲ ಪಾಸ್‌ಪೋರ್ಟ್ ಫೋಟೋಗಳನ್ನು ಕತ್ತರಿಸುತ್ತಿದ್ದ. ಅವಳು ಸ್ಕೂಟಿಯ ಕೀಲಿ ತೆಗೆದುಕೊಂಡದ್ದು ನೋಡಿ ತಲೆ ಎತ್ತಿದ.

"ಎಲ್ಲಿಗೆ?"

"ಟಿಕೋಟಾಕ್ಕ. ಕೈನಾತನ ಕಡೆ."

"ಆಕಿ ಉಸಾಬರಿ ಯಾಕ ನಿನಗ? ಪ್ರಿಂಟ್ ಹೊಡಿ, ಕಳಸು, ಮುಗೀತು."

"ಆಕಿ ಮ್ಯಾಲ ನಿಮಗ ಭಾಳ ಕಾಳಜಿ."

"ಬೆಂಕಿಯಂಥ ಹುಡಿಗಿ, ಮುಂದ ಬರಾಕತ್ತಾಳ. ಅದಕ್ಕ ನೀ ಯಾಕ ಸುಟಗೊಂತಿ?" ಎಂದು ಶಕೀಲ ಮತ್ತೆ ಕತ್ತರಿ ಆಡಿಸಿದ.

ಟಿಕೋಟಾದವರೆಗೂ ಆ ಮಾತು ಸ್ಕೂಟಿಯ ಹಿಂದಿನ ಸೀಟಿನಲ್ಲಿ ಕೂತು ಬಂತು.

ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಊರಿನ ಸ್ಕೂಟಿ ಹೆಂಗಸರೆಲ್ಲ ಮಾಡುವಂತೆ ಅವಳೂ ಮುಖಕ್ಕೆ ಬಟ್ಟೆ ಬಿಗಿದು, ಕಣ್ಣಷ್ಟೇ ಬಿಟ್ಟು, ಮೇಲೊಂದು ಉದ್ದ ಕೋಟು ತೊಟ್ಟಿದ್ದಳು. ಉಳಿದವರದು ಅಂಗಡಿಯ ಕೋಟು. ಇವಳದು ಸ್ಟುಡಿಯೋದ ಹಳೆಯ ಪರದೆ ಹರಿದು ತಾನೇ ಹೊಲಿದುಕೊಂಡದ್ದು. ನೀಲಿಯ ಮೇಲೆ ಬಿಳಿ ಮೋಡ. "ಶಾಹಿಸ್ತಾ ಆಕಾಶ ಹೊತ್ಕೊಂಡು ಹೊಂಟಾಳ ನೋಡ್ರಿ," ಎಂದು ಓಣಿಯವರು ನಗುತ್ತಿದ್ದರು.

ಕೈನಾತಳ ಮನೆಯವರ ಒಣದ್ರಾಕ್ಷಿ ಶೆಡ್ಡು ಟಿಕೋಟಾ ದಾಟಿದ ಮೇಲೆ ಹೊಲದಲ್ಲಿತ್ತು. ಅಟ್ಟಣಿಗೆಯಂತೆ ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ದ್ರಾಕ್ಷಿ ಹರವಿದ್ದರು. ಗಾಳಿಯಲ್ಲಿ ಹುಳಿ ಬೆರೆತ ಸಿಹಿ ವಾಸನೆ. ಬಾಗಿಲಲ್ಲಿ ಕೂತು ಕಡ್ಡಿ ಆರಿಸುತ್ತಿದ್ದ ತಾಯಿ ರಾಜಬಿ, "ಬಾರವಾ, ಭಾಳ ದಿನಕ್ಕ ಬಂದಿ," ಎಂದು ಒಂದು ಹಿಡಿ ಮನುಕ, ಆಗಷ್ಟೇ ಒಣಗಿದ ದ್ರಾಕ್ಷಿ, ಕೈಗಿಟ್ಟಳು.

ಬಲೆಗಳ ನಡುವಿನಿಂದ ಹೊರಗೆ ಬಂದ ಕೈನಾತ ಅವಳನ್ನು ಕಂಡದ್ದೇ ಎರಡು ಹೆಜ್ಜೆ ಹಿಂದೆ ಸರಿದಳು. ಕೈಯಲ್ಲಿದ್ದ ಬುಟ್ಟಿ ಜಾರಿತು. ಮುಖದಲ್ಲಿ ರಕ್ತವೇ ಇರಲಿಲ್ಲ.

ಕಳ್ಳಿಗೆ ಕಳ್ಳಿಯ ಮುಖವೇ ಸಾಕ್ಷಿ ಎಂದುಕೊಂಡಳು ಶಾಹಿಸ್ತಾ. ಮನಸ್ಸಿಗೆ ತಂಪಾಯಿತು. ತಂಪಾದದ್ದಕ್ಕೆ ಮತ್ತೆ ತನ್ನ ಮೇಲೇ ಸಿಟ್ಟು ಬಂತು.

"ಆಪಾ... ನೀವ್ಯಾಕ ಬಂದ್ರಿ?"

"ಭೂತನಾಳದ ಹಕ್ಕಿಗೆ ಆಲಮಟ್ಟಿ ಅಂತ ಯಾಕ ಹೆಸರಿಟ್ಟಿ? ಅದನ್ನ ಕೇಳಾಕ ಬಂದೇನಿ."

"ಭೂತನಾಳ ಅಂತ ಯಾರಂದ್ರು?"

"ಉಸ್ತಾದರ ಕ್ಯಾಮೆರಾನ ಅಂದೈತಿ. ನನ್ನ ಬ್ರಶ್ಶಿಂದು ಒಂದು ಎಳಿ ಅದರಾಗ ಕುಂತಿತ್ತು. ನಿನ್ನ ಆಕಾಶದಾಗ ಅದರ ಬಾಲ ಉಳದೈತಿ."

ಕೈನಾತ ತಾಯಿಯ ಕಡೆ ಕಣ್ಣು ಹಾಯಿಸಿ, ಅವಳನ್ನು ಶೆಡ್ಡಿನ ಹಿಂಬದಿಗೆ ಕರೆದೊಯ್ದಳು. ಸುಳ್ಳು ಹೇಳುವ ಪ್ರಯತ್ನವನ್ನೇ ಮಾಡಲಿಲ್ಲ.

"ಹೌದು. ಅವರ ಕ್ಯಾಮೆರಾನ. ಅವರ ಕೈ ನಡುಗತೈತಿ ಆಪಾ. ಯಾರ ಮುಂದೂ ಹೇಳಬ್ಯಾಡ ಅಂದಿದ್ರು, ನಿಮ್ಮ ಮುಂದ ಅಂತೂ ಬ್ಯಾಡ ಅಂದಿದ್ರು. ಹೋದ ವರ್ಷದಿಂದ ಅವರ ಹೆಸರಲೆ ಬಂದ ಹಾರೋ ಹಕ್ಕಿ ಅಷ್ಟೂ ನಾ ಹಿಡದದ್ದು."

ಶಾಹಿಸ್ತಾಳ ಅಂಗೈಯಲ್ಲಿದ್ದ ಮನುಕ ಬೆವರಿಗೆ ಅಂಟಿಕೊಂಡಿತು.

ಹೋದ ವರ್ಷದ ಚಿತ್ರಗಳು! ಉಸ್ತಾದರ ಬಾಳಿನಲ್ಲೇ ಅಂಥವು ಬಂದಿಲ್ಲವೆಂದು ಅವಳೇ ಅವರ ಕೈಗೆ ಕಣ್ಣೊತ್ತಿಕೊಂಡ ಚಿತ್ರಗಳು. ನೀರಿನಿಂದ ಈಗಷ್ಟೇ ಕಾಲು ಕಿತ್ತ ಗೊರವ ಹಕ್ಕಿ, ಕೆಳಗೆ ಅದರ ನೆರಳು ಇನ್ನೂ ಬಿಟ್ಟುಕೊಡದೆ ಹಿಡಿದಂತೆ. ಆ ಒಂದೊಂದು ಗರಿಯನ್ನೂ ತಿಳಿ ಮಾಡುತ್ತ ರಾತ್ರಿಯೂಟ ಮರೆತಿದ್ದಳು. ಅಷ್ಟು ದಿನವೂ ಅವಳು ಗುಡಿಸಿದ್ದು ಈ ಹುಡುಗಿಯ ಆಕಾಶವನ್ನು.

"ಅಂದು ಏನಾತು?" ಶಾಹಿಸ್ತಾ ಕೇಳಿದಳು.

"ಹಿಂಡು ಎದ್ದಿತು, ಹೊಡದೆ. ಪರದೆ ಮ್ಯಾಲ ನೋಡಿ ಉಸ್ತಾದರು ಅತ್ತರು. 'ಇದು ನಿನ್ನ ಹೆಸರಲೆ ಹೋಗಲಿ, ಸ್ಪರ್ಧಾಕ್ಕ ಹಾಕು' ಅಂತ ಕಾರ್ಡು ತಗದು ಕೊಟ್ರು. ನಾ ಬಸ್ ಹಿಡದು ಊರಿಗೆ ಬಂದೆ. ಬರುವಾಗ ಅವರು ಛಲೋನ ಇದ್ರು."

"ಹಂಗಾದ್ರ ಮೂಲ್ಯಾಗ ನಿಂತವರನ್ನ ಯಾಕ ಅಳಿಸಿದಿ? ಚಿತ್ರ ಯಾಕ ತಿರುಗಿಸಿದಿ?"

"ನಾ ಅಳಿಸಿಲ್ಲ. ತಿರುಗಿಸೂದಂತೂ ನನಗ ಬ್ಯಾಡಾಗಿತ್ತು. ನಾ ತಿದ್ದಾಕ ಕೊಟ್ಟದ್ದು ಬಲಕ್ಕ ಹಾರೋ ಹಕ್ಕಿ. ಎಡಕ್ಕ ಹಾರಿಸಿ ಕಳಿಸಿದ್ರು. ಯಾಕ ಅಂತ ಕೇಳಿದ್ರ, 'ಮುಖ ಹೊರಗ ಹೊಂಟ್ರ ಮನಿ ಏಳಿಗಿ, ಬರ್ಕತ್ತು ಹೊರಗ ಹೋಗತೈತಿ' ಅಂದ್ರು."

ಜಿಲ್ಲೆಯಲ್ಲಿ ಆ ಮಾತು ಆಡುವವನು ಒಬ್ಬನೇ.

ಮದುವೆ ಆಲ್ಬಮ್ಮಿನ ಬಲಪುಟದ ಮುಖಗಳು ಪುಸ್ತಕದ ಒಳಗೇ ನೋಡಬೇಕು ಎಂಬುದು ಶಕೀಲನ ಹಟ. ಹೊರಗೆ ನೋಡುವ ಮದುಮಗಳನ್ನು ಅವನು ಮುಲಾಜಿಲ್ಲದೆ ಎಡಬಲ ತಿರುಗಿಸಿಬಿಡುತ್ತಿದ್ದ. ವಿಜಯಪುರದ ಎಷ್ಟೋ ಮನೆಗಳ ಆಲ್ಬಮ್ಮಿನಲ್ಲಿ ಸೊಸೆಯಂದಿರ ಸೆರಗು ತಪ್ಪು ಹೆಗಲ ಮೇಲಿದೆ. ಕೈ ಹಾಗೆ ಪಳಗಿದೆ. ಮದುಮಗಳೇನು, ಮೆಟ್ಟುಗಾಲು ಹಕ್ಕಿಯೇನು.

ಬೆಳಗ್ಗೆ ಚಿತ್ರ ತಿರುಗಿದ್ದು ಕಂಡಾಗಲೇ ಅವಳಿಗೆ ಹೊಳೆಯಬೇಕಿತ್ತು. ದಿನಾ ಪಕ್ಕದಲ್ಲಿ ಕೂತು ನೋಡುವ ಕೈಚಳಕ ಅದು. ಆದರೆ ಕಣ್ಣಿಗೆ ಕೈನಾತಳೊಬ್ಬಳೇ ತುಂಬಿದ್ದಳು.

"ಅವರ ಕಡೆ ಯಾಕ ಕೊಟ್ಟಿ? ನನ್ನ ಕಡೆ ಯಾಕ ಕೊಡಲಿಲ್ಲ?"

ಆ ಪ್ರಶ್ನೆಯಲ್ಲಿ ತನಿಖೆ ಇರಲಿಲ್ಲ. ಬರೀ ಹೆಂಡತಿ ಇದ್ದಳು. ಕೈನಾತಳಿಗೂ ಅದು ತಿಳಿಯಿತು.

"ನೀವು ನನ್ನ ಚಿತ್ರ ಕೈಯಾಗ ಹಿಡೀತಿದ್ದಿರೇನು ಆಪಾ? ನನ್ನ ಸಲಾಮನ್ನೂ ತಗೊಳ್ಳಂಗಿಲ್ಲ ನೀವು."

"ಅಸಲು ಎಲ್ಲೈತಿ? ತೋರಿಸು."

ಕೈನಾತ ಫೋನನ್ನು ಎದೆಗೆ ಒತ್ತಿ ಹಿಡಿದಳು. "ತೋರಿಸಿದ ಮ್ಯಾಲ ನನ್ನನ್ನೂ ಹೊಡೀತೀರೇನು?"

"ಏನಂದಿ?"

"ನಾ ಖುಷಿಯಿಂದ ಸುಮ್ಮನಿದ್ದೆ ಅಂದ್ಕೊಂಡೀರೇನು? ಕ್ಯಾಮೆರಾ ಕಣ್ಣಿಗೆ ಹಚ್ಚಿದಾಗನ ನಿಮ್ಮನ್ನ ನೋಡೇನಿ. ಜಗಳ ಬ್ಯಾಡ ಅಂತ ಓಡಿ ಬಂದೆ. ಮುದುಕರನ್ನ ನಿಮ್ಮ ಕೈಯಾಗ ಬಿಟ್ಟು ಬಂದೆ." ಕೈನಾತ ತಾಯಿ ಕೂತಿದ್ದ ದಿಕ್ಕಿಗೆ ನೋಡಿದಳು. "ಮನ್ಯಾಗ ಒಬ್ರ ಮುಂದೂ ಅಂದಿಲ್ಲ."

ಶಾಹಿಸ್ತಾ ಅವಳ ಕೈಯಿಂದ ಫೋನು ಕಿತ್ತುಕೊಂಡಳು.

ಬಲಕ್ಕೆ ಹಾರುವ ಹಕ್ಕಿಗಳು. ಹೊರಳಿದ ಕುತ್ತಿಗೆಗಳು. ಅವು ನೋಡುತ್ತಿದ್ದ ಮೂಲೆಯಲ್ಲಿ ಈಗ ಹುಲ್ಲಷ್ಟೇ ಇರಲಿಲ್ಲ. ಒಂದು ಸ್ಕೂಟಿ ನಿಂತಿತ್ತು. ಅದರ ಪಕ್ಕ, ಮುಖಕ್ಕೆ ಬಟ್ಟೆ ಬಿಗಿದ ಒಬ್ಬ ಹೆಂಗಸು. ದೂರಕ್ಕೆ ಎಲ್ಲವೂ ಮಸುಕು. ಆದರೆ ಎಷ್ಟು ಮಸುಕಾದರೂ ಕೋಟು ಮಾತ್ರ ಸುಳ್ಳು ಹೇಳುವಂತಿರಲಿಲ್ಲ.

ನೀಲಿಯ ಮೇಲೆ ಬಿಳಿ ಮೋಡ.

ಶೆಡ್ಡಿನ ನೆರಳುಬಟ್ಟೆ ಗಾಳಿಗೆ ಪಟಪಟ ಬಡಿಯಿತು. ಈಗ ತಾನು ತೊಟ್ಟಿರುವ ಕೋಟಿನ ಗುಂಡಿಯನ್ನು ಶಾಹಿಸ್ತಾ ಬೆರಳಿನಿಂದ ಮುಟ್ಟಿ ನೋಡಿದಳು, ಅದು ಅಲ್ಲೇ ಇದೆಯೋ ಎಂಬಂತೆ.

"ಇದು ನಾ ಅಲ್ಲ."

"ಆಪಾ..."

"ಅಲ್ಲಾನ ಆಣಿ. ಅಂದು ನನಗ ಜ್ವರ. ಮನ್ಯಾಗ ಮಲಗಿದ್ದೆ. ಗಾಡಿ ಹಿಂದಿನ ದಿನದಿಂದ ಲ್ಯಾಬಿನ ಮುಂದ ನಿಂತಿತ್ತು. ಕೋಟು, ಕೀಲಿ ಒಳಗ ಗ್ವಾಡಿ ಮೊಳಿಗೆ ಜೋತಿದ್ದವು."

"ನೀವು ಮಲಗಿದ್ದನ್ನ ಯಾರು ನೋಡ್ಯಾರ?"

ಯಾರೂ ನೋಡಿರಲಿಲ್ಲ. ಶಕೀಲ ನಸುಕಿನಲ್ಲೇ ಎದ್ದು ಬಬಲೇಶ್ವರದ ಕಡೆ, ಜೈನಾಪುರದ ಮದುವೆಗೆ ವಿಡಿಯೋದವರ ಕಾರಿನಲ್ಲಿ ಹೋಗಿದ್ದ. ಹಾಗೆಂದು ಅವನು ಹೇಳಿದ್ದ.

"ಶಕೀಲಭಾಯಿ ನಿಮ್ಮನ್ನ ಉಳಿಸಾಕ ಅಳಿಸ್ಯಾರ ಅಂದ್ಕೊಂಡೆ," ಎಂದಳು ಕೈನಾತ, ಈಗ ಸ್ವಲ್ಪ ಮೆತ್ತಗೆ. "ಅದಕ್ಕ ನಾನೂ ಊರ ಹೆಸರು ಬದಲಿ ಮಾಡಿದೆ."

ಉಳಿಸುವುದು ತನ್ನನ್ನೋ, ಬೇರೆ ಯಾರನ್ನೋ? ಪರಿಚಯವಿಲ್ಲದ ಯಾವಳೋ ಒಬ್ಬಳು ತನ್ನ ಕೋಟಿನ ತೋಳಿನಲ್ಲಿ ಕೈ ತೂರಿಸಿದ್ದಾಳೆ, ತಾನು ಹೊಲಿದ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡಿದ್ದಾಳೆ, ಬಟ್ಟೆಗೆ ಅವಳ ಮೈವಾಸನೆ ಹತ್ತಿದೆ. ಕ್ಯಾಮೆರಾದಲ್ಲಿ ಸಿಕ್ಕಿಬಿದ್ದೆನೆಂದು ಹೆದರಿಯೇ ಅವಳು ಉಸ್ತಾದರ ಮೇಲೆ ಕೈ ಮಾಡಿರಬೇಕು. ಅದೇ ಕೋಟನ್ನು ತಾನು ಮರುದಿನ ತೊಟ್ಟು ಅಂಗಡಿಗೆ ಹೋಗಿದ್ದಾಳೆ. ಕೈನಾತಳ ಮೇಲೆ ಇಷ್ಟು ದಿನ ಉರಿದ ಬೆಂಕಿ ಈಗ ಹೆಸರಿಲ್ಲದ, ಮುಖವಿಲ್ಲದ ಆ ಹೆಂಗಸಿನ ಕಡೆಗೆ ನಾಲಿಗೆ ಚಾಚಿತು.

ಫೋನು ಇನ್ನೂ ಅವಳ ಕೈಯಲ್ಲೇ ಇತ್ತು. ಅವಳ ಬೆರಳಿಗೆ ಗೊತ್ತಿತ್ತು: ಈ ಮೋಡಗಳನ್ನು ಅಳಿಸಲು, ಕೋಟನ್ನು ಕಂದು ಮಾಡಲು, ಅದರ ನೆರಳನ್ನು ಹುಲ್ಲಿನಲ್ಲಿ ಕರಗಿಸಲು ಎಷ್ಟು ಹೊತ್ತು ಬೇಕು ಎಂದು. ಶಕೀಲನ ಹಾಗೆ ಒಂದೇ ಹುಲ್ಲನ್ನು ಎರಡು ಸಲ ಬಿತ್ತುವ ಒರಟು ಕೆಲಸ ಅವಳದಲ್ಲ. ಅವಳು ಅಳಿಸಿದರೆ ಹಕ್ಕಿಗಳಿಗೂ ನೆನಪಿರುತ್ತಿರಲಿಲ್ಲ.

ಅಷ್ಟರಲ್ಲಿ ಅವಳದೇ ಫೋನು ಬಡಿದುಕೊಂಡಿತು. ಮಲಕವ್ವ.

"ಯವ್ವಾ, ಸಿಕ್ತೇನ? ನಾ ಠಾಣೆ ಮುಂದ ಬಂದು ಕುಂತೇನಿ. ಊಟ ಒಳಗ ಬಿಡವಲ್ರು. ಒಂದ ಮಾತು ಹೇಳಿಬಿಡು, ಸಿಕ್ತೋ ಇಲ್ಲೋ?"

ಶಾಹಿಸ್ತಾ ಕಣ್ಣು ಮುಚ್ಚಿಕೊಂಡಳು.

"ಸಿಕ್ಕೈತಿ ಮಲಕವ್ವ. ಅಲ್ಲೇ ಇರು."

ಕೈನಾತ ಗಾಬರಿಯಾಗಿ ಅವಳ ಮಣಿಕಟ್ಟು ಹಿಡಿದಳು. "ಆಪಾ, ತಿಳದು ಮಾಡ್ರಿ. ಇದನ್ನ ಕಳಿಸಿದ್ರ ಆ ಕುರಿಗಾರ ಹೊರಗ, ನೀವು ಒಳಗ. ನಿಮ್ಮ ಹೊಟ್ಟಿಕಿಚ್ಚು ಊರಿಗೆಲ್ಲ ಗೊತ್ತೈತಿ. ನಾ ಸಾಕ್ಷಿ ಹೇಳೂದೂ ಬ್ಯಾಡ."

"ಗೊತ್ತೈತಿ. ಬಿಡು ಕೈ."

ಮಲ್ಲಿನಾಥನ ನಂಬರು ಹಾಕಿ, ಏನನ್ನೂ ಅಳಿಸದೆ, ಏನನ್ನೂ ತಿರುಗಿಸದೆ, ಚಿತ್ರ ಹೇಗಿತ್ತೋ ಹಾಗೇ ಕಳಿಸಿದಳು. ಬಲಕ್ಕೆ ಹಾರುವ ಹಕ್ಕಿಗಳು ಬಲಕ್ಕೇ ಹೋದವು.

ಆತನ ಕರೆ ಬರಲು ತಡವಾಗಲಿಲ್ಲ.

"ಅಕ್ಕಾರ, ಫೋಟೋ ಬಂತು. ದಂಡಿ ಮ್ಯಾಲ ರಾಮಲಿಂಗ ಇಲ್ಲ, ಖರೇ. ಒಬ್ಬಾಕಿ ಹೆಣಮಗಳು ನಿಂತಾಳ. ಗುರುತು ಹಿಡೀತೀರೇನು?"

ಶಾಹಿಸ್ತಾ ಕೋಟಿನ ಮೇಲಿನ ಮೋಡವೊಂದನ್ನು ಮುಷ್ಟಿಯಲ್ಲಿ ಹಿಡಿದಳು.

"ಗಾಡಿ ನಂದು ಸರ್. ಕೋಟೂ ನಂದು. ಒಳಗಿನಾಕಿ ಮಾತ್ರ ನಾ ಅಲ್ಲ."

ಆ ಕಡೆ ಕುರ್ಚಿ ಸರಿದ ಸದ್ದು. ಬಾಗಿಲು ಹಾಕಿದ ಸದ್ದು. ಮಲ್ಲಿನಾಥ ಮತ್ತೆ ಮಾತನಾಡಿದಾಗ ದನಿ ತಗ್ಗಿತ್ತು.

"ರಾಮಲಿಂಗನ್ನ ಸಂಜಿಗೆ ಬಿಡತೀನಿ, ಮಾತಿಗೆ ತಪ್ಪಂಗಿಲ್ಲ. ಆದ್ರ ನೀವು ಸೀದಾ ಠಾಣೆಗೆ ಬರ್ರಿ. ಲ್ಯಾಬಿಗೆ ಹೋಗಬ್ಯಾಡ್ರಿ, ಮನಿಗೂ ಹೋಗಬ್ಯಾಡ್ರಿ."

"ಯಾಕ್ರಿ ಸರ್?"

"ನಿಮ್ಮ ಯಜಮಾನ್ರು ಈಗಷ್ಟ ಇಲ್ಲಿಂದ ಎದ್ದು ಹೋದ್ರು, ಅಕ್ಕಾರ. ಅಂದು ಮುಂಜಾನೆ ನೀವು ಮನ್ಯಾಗ ಇರಲಿಲ್ಲ ಅಂತ ಹೇಳಿಕಿ ಕೊಟ್ಟು ಹೋಗ್ಯಾರ. ಅವರ ಜೋಡಿ ಸಾಕ್ಷಿ ಹೇಳಾಕ ಒಬ್ಬಾಕಿ ಬಂದಿದ್ಲು. ನಿಮ್ಮ ಅಕ್ಕನಂತ."

ಶಾಹಿಸ್ತಾಗೆ ಅಕ್ಕ ಇರಲಿಲ್ಲ.